ದಲಾಲ ಭರಮಪ್ಪನ ಅಂಗೈ ಮಾತು

ದನದ ಸಂತೆಯಲ್ಲಿ ಎತ್ತಿಗೆ ಹಲ್ಲು ನೋಡುತ್ತಾರೆ, ಹೋರಿಗೆ ಹೆಗಲು ನೋಡುತ್ತಾರೆ, ದಲಾಲನಿಗೆ ಗಂಟಲು ನೋಡುತ್ತಾರೆ. ಅಣ್ಣಿಗೇರಿ ಸಂತೆಯಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದ ಭರಮಪ್ಪನಿಗೆ ಇದ್ದದ್ದು ಅದೊಂದೇ ಆಸ್ತಿ. ಅವನ ಅಪ್ಪ ಕುರಿ ಕಾಯುತ್ತಿದ್ದವನು. ಬಯಲಿನ ಈ ತುದಿಗೆ ನಿಂತು ಆ ತುದಿಯ ಕುರಿಯನ್ನು ಹೆಸರು ಹಿಡಿದು ಕರೆದು ಬೆಳೆಸಿದ ಆ ಗಂಟಲು ಕಿರಿಮಗನಿಗೆ ಬಂತು, ಕುರಿಗಳು ಹಿರಿಮಗನಿಗೆ ಹೋದವು. ಪಾಲಿನಲ್ಲಿ ಮೋಸವಾಯಿತೆಂದು ಭರಮಪ್ಪ ಯಾವತ್ತೂ ಅನ್ನಲಿಲ್ಲ. ಕುರಿ ಸಾಯುತ್ತವೆ, ಗಂಟಲಿಗೆ ಸಾವಿಲ್ಲ ಎಂದು ಅವನ ಎಣಿಕೆ. ವ್ಯಾಪಾರ ಬಲ್ಲವರ ಎಣಿಕೆ ತಪ್ಪುವುದು ಇಂಥ ಕಡೆಗೇ.

ದಲಾಲನ ಕೆಲಸ ಬರೀ ಕೂಗುವುದಲ್ಲ. ಕೂಗಿ ಕರೆದ ಮೇಲೆ ನಿಜವಾದ ವ್ಯಾಪಾರ ನಡೆಯುವುದು ಟವೆಲ್ಲಿನ ಕೆಳಗೆ. ಮಾರುವವನ ಕೈಯ ಮೇಲೆ ಟವೆಲ್ ಹೊದಿಸಿ ದಲಾಲ ಅವನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು. ಅದು ನೂರೋ ಸಾವಿರವೋ ಎಂಬುದು ಎತ್ತಿನ ಮುಖ ನೋಡಿದವರಿಗೆಲ್ಲ ಗೊತ್ತು. ಆಮೇಲೆ ಕೊಳ್ಳುವವನ ಕಡೆ ತಿರುಗಿ, ಅದೇ ಟವೆಲ್ ಹೊದಿಸಿ, ಅವನ ಬೆರಳು. ಒಬ್ಬನ ಬೆರಳು ಹೇಳಿದ್ದು ಇನ್ನೊಬ್ಬನಿಗೆ ಗೊತ್ತಾಗಬಾರದು. ಸುತ್ತ ನಿಂತು ಎಲೆ ಅಡಿಕೆ ಹಾಕುತ್ತ ನೋಡುವ ನೂರು ಕಣ್ಣಿಗಂತೂ ಗೊತ್ತಾಗಲೇಬಾರದು. ಬೆರಳು ಅಂಕಿ ಹೇಳುತ್ತಿದ್ದರೆ ಉಳಿದದ್ದನ್ನು ಭರಮಪ್ಪ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದ: ‘ಕೊಡ್ತಾನ’, ‘ಕೊಡಾಂಗಿಲ್ಲ’, ‘ಹ್ವಾದ ವರ್ಷ ಇದಕ್ಕೂ ಕಡಿಮಿಗೆ ಕೊಟ್ಟಿದ್ದ’, ‘ನೀ ಏರಿದ್ರ ಅವ ಇಳೀತಾನ’. ಅರ್ಧ ಸಂತೆಗೆ ಕೇಳುವ ಗಂಟಲು ಅದು. ಆದರೆ ಅದರ ಪಿಸುಮಾತು ಮಾತ್ರ ಒಂದು ಕಿವಿ ಬಿಟ್ಟು ಎರಡನೆಯ ಕಿವಿಗೆ ಬಿದ್ದದ್ದಿಲ್ಲ.

ಎಂಬತ್ತಮೂರರ ಶ್ರಾವಣದಲ್ಲಿ ಆ ಗಂಟಲು ಕಟ್ಟಿತು. ಬೀಡಿ ಬಿಟ್ಟ, ಜ್ಯೇಷ್ಠಮಧು ಅಗಿದ, ಮೆಣಸಿನ ಕಷಾಯ ಕುಡಿದ. ಕಡೆಗೆ ಗದುಗಿನಿಂದ ಬರುವ ಪ್ಯಾಸೆಂಜರ್ ಹತ್ತಿ ಹುಬ್ಬಳ್ಳಿಯ ದವಾಖಾನೆಗೆ ಹೋದ. ಡಾಕ್ಟರು ಒಳಗೆ ಬೆಳೆದಿದ್ದ ಗಂಟನ್ನು ತೆಗೆದರು. ಅದರ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ದೀಪಾವಳಿಗೆ ಮನೆಗೆ ಬಂದಾಗ ಜೀವ ಉಳಿದಿತ್ತು, ಕೊರಳಲ್ಲಿ ಒಂದು ತೂತು ಇತ್ತು, ಅದರ ಮೇಲೊಂದು ಬಿಳಿ ಬಟ್ಟೆ ಇತ್ತು. ಮಾತು ಇರಲಿಲ್ಲ.

ದಲಾಲರದ್ದೊಂದು ಕಟ್ಟುಪಾಡು ಇದೆ. ಸಂತೆಯ ಬೇವಿನ ಮರದ ಕೆಳಗೆ ಒಬ್ಬೊಬ್ಬ ದಲಾಲನಿಗೆ ಒಂದೊಂದು ಕಲ್ಲು. ಸಂತೆಯ ದಿನ ಕಲ್ಲಿನ ಮೇಲೆ ಅವನ ಟವೆಲ್ ಬಿದ್ದರೆ ಕಲ್ಲು ಅವನದು. ಐದು ಸಂತೆ ಬೀಳದಿದ್ದರೆ ಕಲ್ಲು ಬೇರೆಯವರದು. ಗಂಡ ದವಾಖಾನೆಯಲ್ಲಿದ್ದಷ್ಟು ದಿನವೂ ಹೆಂಡತಿ ಮೈಲಾರವ್ವ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬಂದು ಟವೆಲ್ ಹಾಸಿ, ಮಗ್ಗುಲಲ್ಲಿ ಕುಳಿತು, ಸಂಜೆ ಮಡಚಿಕೊಂಡು ಹೋಗುತ್ತಿದ್ದಳು. ಆ ಕಲ್ಲಿನ ಮೇಲೆ ಕಣ್ಣಿಟ್ಟಿದ್ದವನು ಶಿದ್ಲಿಂಗಪ್ಪ, ಹೊಸ ದಲಾಲ, ನೆರಳಿಲ್ಲದ ಕಲ್ಲಿನ ಮೇಲೆ ಬಿಸಿಲಲ್ಲಿ ಕುಳಿತು ಬೇಸತ್ತವನು.

“ಟವೆಲ್ ಬಂದೈತಿ, ಮನಷ್ಯಾ ಬಂದಿಲ್ಲಲ್ಲಬೇ ಯಕ್ಕಾ,” ಅಂದ ಒಂದು ದಿನ.

“ನಿನ್ನ ಕಲ್ಲಿನ ಮ್ಯಾಲ ಮನಷ್ಯಾ ಕುಂತಾನ, ಗಿರಾಕಿ ಎಲ್ಲಿ ಬಂದಾನಪಾ?” ಅಂದಳು ಮೈಲಾರವ್ವ.

ಕಲ್ಲಿನ ಪಂಚಾಯ್ತಿ ದಲಾಲರ ಹಿರಿಯ ಈರಪ್ಪನ ಮುಂದೆ ಹೋಯಿತು. ಈರಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿ, ಕಡೆಗೆ ಹೇಳಿದ: “ಯುಗಾದಿ ತನಕಾ ನೋಡೂಣು. ಅಷ್ಟರೊಳಗ ಭರಮಪ್ಪನ ಕೈಯಿಂದ ಒಂದ ಜೋಡಿ ಎತ್ತು ಮಾರ್ಲಿ. ಮಾರಿದ್ರ ಕಲ್ಲು ಅವಂದ. ಇಲ್ಲಂದ್ರ ಶಿದ್ಲಿಂಗಂದು. ಮೂಕ ದಲಾಲ ಅಂದ್ರ ಬಾಯಿಲ್ಲದ ಕೊಡ ಇದ್ದಂಗ, ತುಂಬೂದು ಹೆಂಗ?”

ಭರಮಪ್ಪ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಒಂದು ಪಾಟಿ ಕೊಂಡ. ನಾಲ್ಕನೆಯ ಇಯತ್ತೆ ಓದಿದವನು, ಅಕ್ಷರ ದುಂಡಗಿದ್ದವು. ಕುಬಿಹಾಳದ ಹುಚ್ಚಪ್ಪ ಹೋರಿ ಹಿಡಿದುಕೊಂಡು ಬಂದಾಗ ಅದರ ಮೇಲೆ ಬರೆದು ತೋರಿಸಿದ. ಹುಚ್ಚಪ್ಪ ಪಾಟಿಯನ್ನು ಕೈಗೆ ತಗೊಂಡು, ಒಮ್ಮೆ ನೆಟ್ಟಗೆ, ಒಮ್ಮೆ ತಿರುವಿ ನೋಡಿ, ಬಹಳ ಮರ್ಯಾದೆಯಿಂದ ವಾಪಸು ಕೊಟ್ಟ.

“ಅಕ್ಷರ ಅಗದಿ ಚೊಲೋ ಬಿದ್ದಾವ, ಭರಮಣ್ಣ. ಈಗ ಏನ್ ಬರ್ದೀ ಅಂತ ಒಂದ ಸಲ ಓದಿ ಹೇಳು.”

ಪಾಟಿ ಅಂದೇ ಅಟ್ಟ ಸೇರಿತು.

ಮನೆಯಲ್ಲಿ ಕೈಸನ್ನೆ ತಾನಾಗಿಯೇ ಶುರುವಾಗಿತ್ತು. ವಸ್ತುಗಳಿಗೆ ಕಷ್ಟವಿಲ್ಲ. ಹಣೆಯ ಎರಡು ಬದಿಗೆ ಬೆರಳು ಇಟ್ಟರೆ ಎತ್ತು, ಅಂಗೈ ತಟ್ಟಿದರೆ ರೊಟ್ಟಿ, ಬೊಗಸೆ ಹಿಡಿದರೆ ನೀರು. ತೊಡಕು ಬಂದದ್ದು ಕ್ರಿಯೆಗಳಲ್ಲಿ. “ಊಟ ಆತೇನ್ರಿ?” ಎಂದು ಮೈಲಾರವ್ವ ಕೇಳಿದರೆ, ಭರಮಪ್ಪ ಉಣ್ಣುವ ಸನ್ನೆ ಮಾಡುವನು. ಉಂಡೆ ಅಂತ ಅವನ ಅರ್ಥ. ಉಣ್ಣುತ್ತೇನೆ ಅಂತ ಅವಳು ತಿಳಿಯುವಳು. ಮತ್ತೆ ತಾಟು ಹಾಕುವಳು. ಬಡಿಸಿದ್ದನ್ನು ಬಿಡುವ ಮನೆತನವಲ್ಲ. ಮೂರು ದಿನ ಎರಡೆರಡು ಸಲ ಉಂಡ. ನಾಲ್ಕನೆಯ ದಿನ, ಎರಡನೆಯ ತಾಟಿನ ಮುಂದೆ ಕುಳಿತು, ತುತ್ತಿನ ಸನ್ನೆ ಮಾಡಿ ಆ ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಮೈಲಾರವ್ವ ತಾಟು ಎತ್ತಿಕೊಂಡಳು. ಮೊದಲ ನಿಯಮ ಹೀಗೆ ಹುಟ್ಟಿತು: ಆದದ್ದೆಲ್ಲ ಹೆಗಲ ಹಿಂದೆ.

ಅಲ್ಲಿಂದ ಅವನಿಗೆ ಅದೇ ಹುಚ್ಚು ಹತ್ತಿತು. ಹಿಂದೆ ಎಸೆದರೆ ಆದದ್ದು, ಹೊಟ್ಟೆಯ ಮುಂದೆ ಹಿಡಿದರೆ ಆಗುತ್ತಿರುವುದು, ಅಂಗೈ ಚಾಚಿದರೆ ಆಗಬೇಕಾದದ್ದು. ಎದೆ ಮುಟ್ಟಿದರೆ ನಾನು, ಎದುರಿಗೆ ತೋರಿಸಿದರೆ ನೀನು, ಮಗ್ಗುಲಿಗೆ ತೋರಿಸಿದರೆ ಅವನು. ಟವೆಲ್ ಝಾಡಿಸುವ ಹಾಗೆ ಕೈ ಝಾಡಿಸಿದರೆ ‘ಇಲ್ಲ’. ತಕ್ಕಡಿಯಂತೆ ಎರಡು ಕೈ ತೂಗಿದರೆ ‘ಆದರೆ-ಹೋದರೆ’. ಎರಡು ಬೆರಳು ಜೋಡಿಸಿದರೆ ‘ಮಾಡೂಣು, ಹೋಗೂಣು’. ಹಳೆಯ ಕ್ಯಾಲೆಂಡರಿನ ಹಾಳೆಗಳ ಬೆನ್ನಿಗೆ ಒಂದೊಂದೇ ಬರೆದಿಟ್ಟ. ಬರೆಯುತ್ತ ಬರೆಯುತ್ತ ಅವನಿಗೆ ತಾನು ಐವತ್ತು ವರ್ಷ ಆಡಿದ ಭಾಷೆಯ ಮೇಲೇ ಸಿಟ್ಟು ಬಂತು. ಬಾ ಅಂದರೆ ಬಂದ, ಬೀಳು ಅಂದರೆ ಬಿದ್ದ, ಕೊಡು ಅಂದರೆ ಕೊಟ್ಟ, ಉಣ್ಣು ಅಂದರೆ ಉಂಡ: ಒಂದೊಂದು ಎತ್ತಿಗೆ ಒಂದೊಂದು ನಮೂನೆಯ ಮೂಗುದಾರ! ಯಾವ ಬುದ್ಧಿವಂತ ಮಾಡಿದ್ದು ಇದನ್ನು? ತನ್ನ ಭಾಷೆಯಲ್ಲಿ ಎಲ್ಲ ಕ್ರಿಯೆಗೂ ಒಂದೇ ಮೂಗುದಾರ ಹಾಕಿದ. ಎಷ್ಟೇ ಮೊಂಡು ಕ್ರಿಯೆಯಾದರೂ ಹೆಗಲ ಹಿಂದೆ ಎಸೆದರೆ ಮುಗಿಯಿತು, ಆಯಿತು.

ಮೈಲಾರವ್ವ ಸುಮ್ಮನೆ ಕಲಿಯುವವಳಲ್ಲ. “ಎಲ್ಲಾ ಬರೊಬ್ಬರಿ ಐತಿ, ‘ರಿ’ ಎಲ್ಲೈತಿ?” ಎಂದು ಕೇಳಿದಳು. “ನಿಮ್ಮ ಕೈ ನನಗೂ ನಾಯಿಗೂ ಒಂದ ನಮೂನಿ ‘ಬಾ’ ಅಂತೈತಿ.” ಅಂದಿನಿಂದ ಮರ್ಯಾದೆಗೆ ಕ್ರಿಯೆಯ ಕೊನೆಗೆ ತಲೆ ತುಸು ಬಾಗಿಸುವ ನಿಯಮ ಸೇರಿತು. ಮೂವತ್ತು ವರ್ಷದ ಸಂಸಾರದಲ್ಲಿ ಭರಮಪ್ಪ ಹೆಂಡತಿಗೆ ‘ರಿ’ ಹಚ್ಚಿದ್ದು ಅದೇ ಮೊದಲು, ಅದೂ ಬಾಯಿ ಹೋದ ಮೇಲೆ. ಇನ್ನೊಂದು ಸಲ ‘ಸಾಯು’ ಎಂಬುದಕ್ಕೆ ರೂಪಗಳನ್ನು ತೋರಿಸುತ್ತಿದ್ದ. ಅವ ಸತ್ತ, ಅದು ಸಾಯ್ತೈತಿ. ಎದೆ ಮುಟ್ಟಿಕೊಂಡು ಅಂಗೈ ಮುಂದಕ್ಕೆ ಚಾಚಲು ಹೋದಾಗ ಮೈಲಾರವ್ವ ಆ ಕೈ ಹಿಡಿದು ಕೆಳಗಿಟ್ಟಳು. “ಇದೊಂದು ಬ್ಯಾಡ. ಇದರಾಗ ಅದನ್ನ ಇಡಬ್ಯಾಡ್ರಿ.” ಭರಮಪ್ಪ ಹಾಳೆಯ ಮೇಲೆ ಆ ಜಾಗವನ್ನು ಖಾಲಿ ಬಿಟ್ಟ. ಇಡೀ ಭಾಷೆಯಲ್ಲಿ ನಿಯಮ ಮುರಿದದ್ದು ಅದೊಂದೇ ಕಡೆ.

ಸಂಕ್ರಮಣದ ಹೊತ್ತಿಗೆ ಇಬ್ಬರೂ ಹಿತ್ತಲಲ್ಲಿ ಕುಳಿತು ಜಗಳ ಆಡುವಷ್ಟು ಭಾಷೆ ಬೆಳೆದಿತ್ತು. ಭರಮಪ್ಪನಿಗೆ ಹಿಗ್ಗು. ಮಾಡಿದ ಸರಕನ್ನು ಗಿರಾಕಿಗೆ ತೋರಿಸದೆ ಇಟ್ಟುಕೊಳ್ಳಲು ಯಾವ ವ್ಯಾಪಾರಿಗೂ ಆಗುವುದಿಲ್ಲ. ಊರ ಅಗಸಿಬಾಗಿಲ ಕಟ್ಟೆಗೆ ಹೋಗಿ ಕುಳಿತು, ಬಂದವರಿಗೆಲ್ಲ ಕಲಿಸಿದ. ಚಹಾದಂಗಡಿಯ ತಿರಕಪ್ಪ ಎರಡು ದಿನದಲ್ಲಿ ಕಲಿತ. ನೀರಿಗೆ ಬಂದ ಹೆಂಗಸರು ನಿಂತಲ್ಲೇ ಕಲಿತರು. ತಿಂಗಳೊಳಗೆ ಅಣ್ಣಿಗೇರಿಯ ಅರ್ಧ ಊರು ಭರಮಪ್ಪನ ಕೈ ನೋಡಿ ಮಾತು ಹಿಡಿಯುತ್ತಿತ್ತು. ನಿಯಮಗಳು ಅಷ್ಟು ಸ್ವಚ್ಛ ಇದ್ದವು.

ಯುಗಾದಿಗೆ ಎರಡು ಸಂತೆ ಉಳಿದಿದ್ದವು. ಭರಮಪ್ಪ ಹೊಸ ಧೋತರ ಉಟ್ಟು, ಕಲ್ಲಿಗೆ ಟವೆಲ್ ಹಾಸಿ ತಾನೇ ಕುಳಿತ. ಹುಚ್ಚಪ್ಪ ಈ ಸಲ ಕಿಲಾರಿ ಎತ್ತಿನ ಜೋಡಿಯನ್ನೇ ತಂದಿದ್ದ. ಕೊಳ್ಳಲು ಬಂದವನು ಕಲಘಟಗಿ ಕಡೆಯ ಬಮ್ಮಿಗಟ್ಟಿಯ ಮಾಳಪ್ಪ. ಎತ್ತು ಅವನ ಕಣ್ಣಿಗೆ ಕೂತಿದ್ದವು, ಆದರೆ ಕಣ್ಣನ್ನು ಬೇರೆ ಕಡೆ ಇಟ್ಟುಕೊಂಡು ನಿಂತಿದ್ದ; ಕೊಳ್ಳುವವರ ಮೊದಲ ವಿದ್ಯೆ ಅದು. ಭರಮಪ್ಪ ಟವೆಲ್ಲಿನ ಕೆಳಗೆ ಇಬ್ಬರ ಬೆರಳೂ ಹಿಡಿದು ಅಂಕಿ ತಿಳಿದುಕೊಂಡ. ಆಮೇಲೆ ಹುಚ್ಚಪ್ಪನ ಕಡೆ ತಿರುಗಿ, ಟವೆಲ್ ಹೆಗಲಿಗೆ ಹಾಕಿ, ಎರಡೂ ಕೈ ಎತ್ತಿ ಸ್ವಚ್ಛವಾಗಿ ಹೇಳಿದ: ಅವನು ಏರುತ್ತಾನೆ, ನೀನು ತುಸು ಇಳಿದರೆ ಕೊಳ್ಳುತ್ತಾನೆ, ಬಿಟ್ಟು ಹೋಗುವುದಿಲ್ಲ.

ಕುಬಿಹಾಳದ ಹುಚ್ಚಪ್ಪನಿಗೆ ಈ ಭಾಷೆ ಹೊಸದು, ಇನ್ನೂ ಕಣ್ಣು ಪಿಳುಕಿಸುತ್ತಿದ್ದ. ಹಿಂದಿನಿಂದ ತಿರಕಪ್ಪ ಚಹಾದ ಕಿಟ್ಲಿ ಹಿಡಿದವನೇ ಕೂಗಿದ: “ಏರ್ತಾನಂತೋ ಹುಚ್ಚಪ್ಪಾ! ಬಿಟ್ಟು ಹೋಗಾಂಗಿಲ್ಲಂತ, ಬಿಗಿ ಹಿಡಿ!”

“ಇಂವಾ ಇಳೀಬೇಕಂತಲೇ,” ಅಂದ ಇನ್ನೊಬ್ಬ. ಕೊಡ ಹೊತ್ತ ಒಬ್ಬ ಹೆಂಗಸು, “ತುಸುನ ಇಳೀಬೇಕಂತ,” ಎಂದು ತಿದ್ದಿದಳು.

ಸಂತೆಗೆ ಸಂತೆಯೇ ನಕ್ಕಿತು. ಮಾಳಪ್ಪ ಕೆಂಪಗಾದ. “ನನ್ನ ಹೊಟ್ಯಾಗಿನ ಮಾತು ಚಹಾದವನ ಬಾಯಾಗ ಬಂತಲ್ಲಪಾ,” ಎಂದವನೇ ಹೊರಟ. ಹುಚ್ಚಪ್ಪ ಮೂಗುದಾರ ಜಗ್ಗಿಕೊಂಡ. “ಭರಮಣ್ಣ, ಮನಿ ಮಾತನ್ನ ಸಂತ್ಯಾಗ ಒಣಗಾಕಿದಿ. ಇದಕ್ಕಿಂತ ನಿನ್ನ ಪಾಟೀನ ಚೊಲೋ ಇತ್ತು, ಯಾರಿಗೂ ತಿಳೀತಿದ್ದಿಲ್ಲ.”

ಭರಮಪ್ಪ ಎತ್ತಿದ ಕೈ ಎತ್ತಿದಂತೆಯೇ ನಿಂತ. ಮೂವತ್ತು ವರ್ಷ ಟವೆಲ್ಲಿನ ಕೆಳಗೆ ಬದುಕಿದವನು ಟವೆಲ್ಲನ್ನೇ ಮರೆತಿದ್ದ. ಮಾಸ್ತರು ಮಾಡಿದ್ದರೆ ಇದು ತಪ್ಪಲ್ಲ. ಎಲ್ಲರಿಗೂ ತಿಳಿಯಲಿ ಎನ್ನುವುದೇ ಮಾಸ್ತರಿಕೆ. ದಲಾಲನ ಅನ್ನ ಇರುವುದು ಒಬ್ಬನಿಗೆ ತಿಳಿದು ಉಳಿದವರಿಗೆ ತಿಳಿಯದಿರುವುದರಲ್ಲಿ. ತಾನೇ ಊರಿಗೆಲ್ಲ ಕೀಲಿಕೈ ಹಂಚಿ ತನ್ನ ಅಂಗಡಿಗೆ ಬೀಗ ಹಾಕಿಕೊಂಡು ಕುಳಿತಿದ್ದ.

ಮನೆಗೆ ಬಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿಟ್ಟ. ಎರಡು ದಿನ ಕೈ ಎತ್ತಲಿಲ್ಲ. ಮೈಲಾರವ್ವ ಮಾತಾಡಿಸಿದರೆ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಬಾಯಿ ಹೋದಾಗಲೂ ಅವನು ಇಷ್ಟು ಮೂಕನಾಗಿರಲಿಲ್ಲ.

ಮೂರನೆಯ ದಿನ ಬಳೆಗಾರ್ತಿ ಹಲೀಮಾಬಿ ಬಂದಳು. ಹಬ್ಬಕ್ಕೆ ಬಳೆ. ಪಡಸಾಲೆಯಲ್ಲಿ ಬುಟ್ಟಿ ಇಳಿಸಿ, ಮೈಲಾರವ್ವನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಸಿರು ಬಳೆ ಏರಿಸತೊಡಗಿದಳು. ಅವಳ ಮಾತೆಲ್ಲ ಎದುರು ಮನೆಯ ಸೊಸೆಯ ಬಗ್ಗೆ ಇತ್ತು, ಕಣ್ಣು ಬೀದಿಯ ಮೇಲೆ ಇತ್ತು. ಕೈ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹೆಬ್ಬೆರಳಿನ ಬುಡ ಒತ್ತಿದರೆ ಮೈಲಾರವ್ವ ಕೈ ಮಡಚುತ್ತಿದ್ದಳು. ಕಿರುಬೆರಳಿನ ಕಡೆ ಸವರಿದರೆ ಸಡಿಲ ಬಿಡುತ್ತಿದ್ದಳು. ಉಗುರು ತಾಗಿದರೆ ತಟಕ್ಕನೆ ನಿಲ್ಲಿಸುತ್ತಿದ್ದಳು. ಇಬ್ಬರೂ ಆ ಕೈಗಳನ್ನು ನೋಡುತ್ತಲೇ ಇರಲಿಲ್ಲ.

ಕಂಬಕ್ಕೆ ಒರಗಿದ್ದ ಭರಮಪ್ಪ ನೆಟ್ಟಗೆ ಕುಳಿತ.

“ಏನ್ ನೋಡ್ತಿ ಭರಮಣ್ಣ? ನಿನಗೂ ಎರಡು ಏರಸ್ಲೇನು?” ಎಂದಳು ಹಲೀಮಾಬಿ. “ಬಳಿ ಇಡೂದು ಕಣ್ಣಿನ ಕೆಲಸಲ್ಲಪಾ. ಕೈಗೆ ಕೈ ಹೇಳಬೇಕು, ಕೈ ಕೇಳಬೇಕು. ನಡುವ ಬಾಯಿ ಹಾಕಿದ್ರ ಬಳಿ ಒಡೀತಾವ.”

ಅವಳು ಬುಟ್ಟಿ ಹೊತ್ತು ಹೊರಡುವುದರೊಳಗೆ ಭರಮಪ್ಪ ಪೆಟ್ಟಿಗೆಯಿಂದ ಟವೆಲ್ ತೆಗೆದಿದ್ದ. ಹೊಸ ಬಳೆಯ ಕೈಯನ್ನು ಹಿಡಿದು ಅದರ ಮೇಲೆ ಹೊದಿಸಿದ.

ಉಳಿದದ್ದು ಐದು ದಿನ. ಆ ಐದು ದಿನದಲ್ಲಿ ಅವನು ಮೈಯಷ್ಟಿದ್ದ ಭಾಷೆಯನ್ನು ಅಂಗೈಯಷ್ಟಕ್ಕೆ ಇಳಿಸಿದ. ದಲಾಲಿಗೆ ಬೇಕಾದ ಕ್ರಿಯೆಗಳು ಎಷ್ಟು? ಕೊಡು, ತಗೋ, ಏರು, ಇಳಿ, ಹೋಗು. ಐದು. ಬೆರಳೂ ಐದು, ಹೆಬ್ಬೆರಳಿನಿಂದ ಸಾಲಾಗಿ. ಬೆರಳನ್ನು ಪೂರ್ತಿ ಹಿಡಿದರೆ ಹಳೆಯಂತೆ ಅಂಕಿ. ತುದಿ ಮಾತ್ರ ಮುಟ್ಟಿದರೆ ಕ್ರಿಯೆ. ಅದರ ಹಿಂದೆಯೇ ಅಂಗೈಯ ಮೇಲೊಂದು ಒತ್ತು. ಹೆಬ್ಬೆರಳಿನ ಬುಡದಲ್ಲಿ ಒತ್ತಿದರೆ ನಾನು, ನಡುವೆ ಒತ್ತಿದರೆ ನೀನು, ಕಿರುಬೆರಳಿನ ಕೆಳಗೆ ಒತ್ತಿದರೆ ಅವನು. ಒತ್ತನ್ನು ಮಣಿಕಟ್ಟಿನ ಕಡೆ ಎಳೆದರೆ ಆದದ್ದು, ಬೆರಳ ತುದಿಯ ಕಡೆ ಎಳೆದರೆ ಆಗುವುದು, ನಿಲ್ಲಿಸಿದರೆ ಆಗುತ್ತಿರುವುದು. ಉಗುರು ಊರಿದರೆ ‘ಇಲ್ಲ’. ಎರಡು ಸಲ ಎತ್ತಿ ಇಟ್ಟರೆ ‘ಆದರೆ’. ಹೆಗಲ ಹಿಂದೆ ಎಸೆಯುತ್ತಿದ್ದ ಇಡೀ ಭೂತಕಾಲ ಈಗ ಬೆರಳಗಲ ಜಾಗದಲ್ಲಿ ಕೂತಿತು. ಮೈಲಾರವ್ವ ಕಣ್ಣು ಮುಚ್ಚಿ ಬಾಯಿಂದ ಓದಿ ಹೇಳುವಳು: “ಅವ ಏರ್ತಾನ... ನೀ ಇಳದ್ರ... ಅವ ಹೋಗಾಂಗಿಲ್ಲ.” ತಪ್ಪಿದರೆ ಅವನು ನಿಯಮ ತಿದ್ದುವನು, ಅವಳನ್ನು ತಿದ್ದುತ್ತಿರಲಿಲ್ಲ. ದೊಡ್ಡ ಗುಣ ಅದು. ಸರಕು ಮಾರಾಟವಾಗದಿದ್ದರೆ ಗಿರಾಕಿಯನ್ನು ಬಯ್ಯುವ ಅಂಗಡಿಕಾರರೇ ಲೋಕದಲ್ಲಿ ಹೆಚ್ಚು.

“ಎಲ್ಲಾ ಆತು,” ಅಂದಳು ಕಡೆಗೆ ಮೈಲಾರವ್ವ. “‘ನೋಡೂಣು’ ಅನ್ನೂದಕ್ಕ ಎಲ್ಲಿ ಒತ್ತಬೇಕು?”

ಭರಮಪ್ಪ ಉಗುರು ಊರಿದ. ಮೂವತ್ತು ವರ್ಷ ಅವನ ವ್ಯಾಪಾರ ಕೆಡಿಸಿದ್ದು ಅದೊಂದೇ ಮಾತು. ಅದಕ್ಕೆ ಅಂಗೈಯಲ್ಲಿ ಜಾಗ ಕೊಡಲಿಲ್ಲ.

ಯುಗಾದಿಗೆ ಮುಂಚಿನ ಕಡೆಯ ಸಂತೆ. ಶಿದ್ಲಿಂಗಪ್ಪ ತನ್ನ ಟವೆಲ್ಲನ್ನು ಹೆಗಲ ಮೇಲೆ ಇಟ್ಟುಕೊಂಡು ಬೇವಿನ ಮರದ ಸುತ್ತಲೇ ಸುಳಿದಾಡುತ್ತಿದ್ದ. ಈರಪ್ಪ ಎದುರಿನ ಕಲ್ಲಿನ ಮೇಲೆ ಕುಳಿತಿದ್ದ. ಮಾಳಪ್ಪ ಬಂದಿದ್ದ, ಬಮ್ಮಿಗಟ್ಟಿಯಿಂದ ಎರಡು ಬಸ್ಸು ಬದಲಿಸಿ ಬಂದವನು ಅದೇ ಎತ್ತಿಗೆ ಬಂದಿದ್ದಾನೆ ಎಂಬುದು ಎತ್ತುಗಳಿಗೂ ಗೊತ್ತಿತ್ತು. ಹುಚ್ಚಪ್ಪ ಮಾತ್ರ ಶಿದ್ಲಿಂಗಪ್ಪನ ಕಡೆ ಹೊರಟ. ಮೈಲಾರವ್ವ ಅಡ್ಡ ನಿಂತಳು.

“ಮಾವಾ, ಒಂದ ಸಲ ಕೈ ಕೊಡ್ರಿ. ಈ ಸಲ ಚಹಾದಂವಗ ತಿಳದ್ರ ಎತ್ತು ಹೊಡಕೊಂಡು ಹೋಗ್ರಿ, ನಾವೂ ಟವೆಲ್ ತಗೊಂಡು ಹೋಗ್ತೇವಿ.”

ಹುಚ್ಚಪ್ಪ ಕೈ ಚಾಚಿದ. ಟವೆಲ್ ಬಿತ್ತು. ಭರಮಪ್ಪ ಮೊದಲು ಎಲ್ಲರೂ ಬಲ್ಲ ಸಂಗತಿಗಳನ್ನೇ ಹೇಳಿದ. ಎಡಗೈಯಿಂದ ಕುಬಿಹಾಳದ ದಾರಿ ತೋರಿಸಿ, ಟವೆಲ್ಲಿನ ಕೆಳಗೆ ಒತ್ತಿದ: ನೀನು ಹೋಗುತ್ತಿ. ಹೋದ ಸಂತೆಯಲ್ಲಿ ಮಾಳಪ್ಪ ನಿಂತಿದ್ದ ಜಾಗ ತೋರಿಸಿ ಒತ್ತಿದ: ಅವನು ಹೋದ. ಹುಚ್ಚಪ್ಪನ ಅಂಗೈ ಹಗ್ಗ ಹಿಡಿದು ಹಿಡಿದು ಎರಡು ವರ್ಷದ ಚಪ್ಪಲಿಯಂತಾಗಿತ್ತು. ಮೈಲಾರವ್ವನ ಕೈಗೆ ಸಾಕಾದ ಒತ್ತು ಇಲ್ಲಿ ಮುಟ್ಟಲೇ ಇಲ್ಲ. ಭರಮಪ್ಪ ಒತ್ತು ಹೆಚ್ಚಿಸಿದ. ಮತ್ತೆ ಹೇಳಿದ. ಮತ್ತೆ, ಐದೂ ಬೆರಳು ಮುಗಿಯುವ ತನಕ. ಹುಚ್ಚಪ್ಪನ ಹುಬ್ಬು ನಿಧಾನ ಏರಿತು.

“ಆಂ,” ಅಂದ. ಕೈಯನ್ನು ಟವೆಲ್ಲಿನ ಕೆಳಗೆ ಇನ್ನಷ್ಟು ಚಾಚಿದ.

ಮಾಳಪ್ಪನಿಗೂ ಅದೇ ಪಾಠ. ತಿರಕಪ್ಪ ಕಿಟ್ಲಿ ಕೆಳಗಿಟ್ಟು, ಕುತ್ತಿಗೆ ಚಾಚಿ ನೋಡಿದ. ಟವೆಲ್ಲಿನ ಕೆಳಗೆ ಇಲಿಯೊಂದು ಓಡಾಡಿದಂತೆ ಕಾಣುತ್ತಿತ್ತು, ಅಷ್ಟೇ. “ಏನಂತಲೇ?” ಎಂದು ಹಿಂದಿನವರು ಕೇಳಿದರು. “ಟವೆಲ್ ಅನಾಕತ್ತೈತಿ, ನನಗೇನ್ ತಿಳೀತೈತಿ!” ಎಂದು ರೇಗಿದ. ಸಂತೆಯಲ್ಲಿ ಒಂದು ನಮೂನೆಯ ಮೌನ ಹರಡಿತು. ತನಗೆ ಸಂಬಂಧಿಸದ ವ್ಯಾಪಾರ ತಿಳಿಯದೆ ಹೋದಾಗ ಜನಕ್ಕೆ ಆಗುವ ಸಂಕಟದ ಮೌನ ಅದು. ದಲಾಲನಿಗೆ ಅದಕ್ಕಿಂತ ಒಳ್ಳೆಯ ಸಂಗೀತ ಇಲ್ಲ.

ಭರಮಪ್ಪ ನಾಲ್ಕು ಸಲ ಅತ್ತ, ನಾಲ್ಕು ಸಲ ಇತ್ತ ತಿರುಗಿದ. ಹುಚ್ಚಪ್ಪನ ಬೆರಳು ತುಸು ಇಳಿಯಿತು. ಮಾಳಪ್ಪನ ಬೆರಳು ತುಸು ಏರಿತು. ನಡುವೆ ಒಂದು ಬೆರಳಿನ ಅಂತರ ಉಳಿದಾಗ ಮಾಳಪ್ಪ ತಲೆ ಕೆರೆದುಕೊಂಡು, ಬಾಯಿ ತೆರೆದ. ಭರಮಪ್ಪ ಅವನ ಕೈಯನ್ನು ಬಿಗಿ ಹಿಡಿದು ಕಣ್ಣಲ್ಲೇ ಟವೆಲ್ ತೋರಿಸಿದ: ಹೇಳುವುದಿದ್ದರೆ ಇಲ್ಲಿ ಹೇಳು. ಮಾಳಪ್ಪನ ಒರಟು ಬೆರಳು ದಲಾಲನ ಅಂಗೈಯಲ್ಲಿ ಅತ್ತಿತ್ತ ತಡಕಾಡಿತು. ಅವನಿಗೆ ಬೇಕಾದ ಮಾತು ಅಲ್ಲಿ ಎಲ್ಲೂ ಇರಲಿಲ್ಲ. ಎದುರಿಗೆ ಎತ್ತುಗಳು ಮೆಲುಕು ಹಾಕುತ್ತಿದ್ದವು. ಕಡೆಗೆ ಅವನ ಬೆರಳು ತೋರುಬೆರಳಿನ ತುದಿ ಮುಟ್ಟಿ, ಹೆಬ್ಬೆರಳಿನ ಬುಡದಿಂದ ಮುಂದಕ್ಕೆ ಎಳೆಯಿತು: ನಾನು ತಗೋತೀನಿ.

ಭರಮಪ್ಪ ಟವೆಲ್ ತೆಗೆದ. ಹುಚ್ಚಪ್ಪನ ಕೈಯಿಂದ ಮೂಗುದಾರ ಮಾಳಪ್ಪನ ಕೈಗೆ ಹೋಯಿತು. ಎಷ್ಟಕ್ಕೆ ಎಂಬುದು ಆ ಮೂವರಿಗೆ ಬಿಟ್ಟು ಇಂದಿಗೂ ಯಾರಿಗೂ ತಿಳಿದಿಲ್ಲ. ತಿರಕಪ್ಪನ ಚಹಾ ಆರಿ ಹೋಗಿತ್ತು.

ಹುಚ್ಚಪ್ಪ ಹೊರಡುವ ಮುಂಚೆ ತನ್ನ ಅಂಗೈ ನೋಡಿಕೊಂಡ. “ಬಾಯಿದ್ದಾಗೂ ನೀ ಇಷ್ಟ ಸ್ವಚ್ಛ ಹೇಳಿದ್ದಿಲ್ಲ ಬಿಡು, ಭರಮಣ್ಣ. ಆವಾಗ ಬೀಡಿ ವಾಸನಿ ಬ್ಯಾರೆ ಬರ್ತಿತ್ತು.”

ಶಿದ್ಲಿಂಗಪ್ಪ ತನ್ನ ಟವೆಲ್ ಝಾಡಿಸಿ, ಬಿಸಿಲಿನ ಕಲ್ಲಿಗೆ ಹೋದ. ಈರಪ್ಪ ಎದ್ದು ಬಂದು ಭರಮಪ್ಪನ ಕಲ್ಲನ್ನು ಕಾಲಿನಿಂದ ಒಮ್ಮೆ ತಟ್ಟಿದ. ಇದು ನಿನ್ನದು ಎಂದು ಹೇಳುವ ಹಿರಿಯರ ರೀತಿ ಅದು. ಆದರೂ ಹೋಗಲಿಲ್ಲ. ಅತ್ತಿತ್ತ ನೋಡಿ, ದನಿ ಇಳಿಸಿದ.

“ನನಗೂ ಗಂಟಲಾಗ ಈಗೀಗ ಕೆರತಾ ಬಂದೈತಿ. ಅದಕ್ಕಂತಲ್ಲ... ಸುಮ್ನ. ಇದನ್ನ ನನಗೂ ಕಲಸ್ತೀಯೇನು?”

ಕೈ ಚಾಚಿದ. ಭರಮಪ್ಪ ಅದನ್ನು ಹಿಡಿದು, ಟವೆಲ್ ಹೊದಿಸಿ, ಒಳಗೆ ಏನನ್ನೋ ಒತ್ತಿ ಹೇಳಿದ. ಈರಪ್ಪನಿಗೆ ಅದು ತಿಳಿಯುವಂತಿರಲಿಲ್ಲ. ಮಗ್ಗುಲಲ್ಲಿದ್ದ ಮೈಲಾರವ್ವನನ್ನು ಕೇಳಿದ:

“ಏನಂದವಾ, ನಿನ್ನ ಗಂಡ?”

ಮೈಲಾರವ್ವ ಹಸಿರು ಬಳೆ ಹಿಂದಕ್ಕೆ ಸರಿಸಿಕೊಂಡಳು.

“ಟವೆಲ್ ಕೆಳಗಿನ ಮಾತು ನನಗ ಹೆಂಗ ಗೊತ್ತಾಗಬೇಕ್ರಿ, ಯಜಮಾನ್ರ?”